ಎರಡು ಕೆಮ್ಮುಗಳ ತೌಲನಿಕ ಅಧ್ಯಯನ

ನಮ್ಮ ತುಮಕೂರಿನಲ್ಲಿ ತಟ್ಟೆ ಇಡ್ಲಿಯನ್ನು ಒಂಟಿಯಾಗಿ ತಿಂದವರನ್ನು ನಾನು ಈವರೆಗೆ ಕಂಡಿಲ್ಲ. ಎಲೆಯ ಮೇಲೆ ಇರುವುದು ಒಂದೇ ಇರಬಹುದು. ಆದರೆ ತಿನ್ನುವವನ ಮನಸ್ಸಿನಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಇಡ್ಲಿ ಸದಾ ಹಾಜರಿರುತ್ತದೆ. ಹೋದ ವಾರ ತಿಂದದ್ದು, ಕ್ಯಾತ್ಸಂದ್ರದಲ್ಲಿ ತಿಂದದ್ದು, ಅಥವಾ ಈಗ ಮುಚ್ಚಿಹೋಗಿರುವ, ಆದ್ದರಿಂದಲೇ ಇನ್ನು ಯಾರಿಂದಲೂ ಸೋಲಿಸಲಾಗದ ಯಾವುದೋ ಹೋಟೆಲಿನಲ್ಲಿ ತಿಂದದ್ದು. ಮೊದಲ ತುತ್ತು ಬಾಯಿಗೆ ಹೋಗುತ್ತಿದ್ದಂತೆ ತಲೆ ಒಂದು ಸಲ ಮೇಲೆ ಕೆಳಗೆ ಆಡುತ್ತದೆ, "ಚೆನ್ನಾಗಿದೆ" ಎಂಬ ತೀರ್ಪು ಬರುತ್ತದೆ, ಅದರ ಹಿಂದೆಯೇ "ಆದರೆ" ಎಂಬ ಅವ್ಯಯ ಬರುತ್ತದೆ. ಈ "ಆದರೆ" ಇಲ್ಲದಿದ್ದರೆ ನಮಗೆ ಚಟ್ನಿ ಇಲ್ಲದಷ್ಟೇ ಕಷ್ಟ.

ಹೀಗೆ ಹೋಲಿಸದೆ ಏನನ್ನೂ ಸವಿಯಲಾರದ ಊರಿನಲ್ಲಿ ಹುಟ್ಟಿ, ನಿವೃತ್ತಿಯಾಗುವವರೆಗೆ ಕಾಲೇಜಿನಲ್ಲಿ ಒಂದು ಎಲೆಯನ್ನು ಇನ್ನೊಂದು ಎಲೆಯ ಪಕ್ಕದಲ್ಲಿಟ್ಟು ವ್ಯತ್ಯಾಸ ತೋರಿಸುವ ಸಸ್ಯಶಾಸ್ತ್ರವನ್ನೇ ಕಲಿಸಿದ ನನಗೆ, ಲಂಡನ್ನಿನ ಒಂದು ರೇಡಿಯೋ ಕಾರ್ಯಕ್ರಮ ಸಿಕ್ಕಿದ್ದು ಪೂರ್ವಜನ್ಮದ ಸುಕೃತವೆಂದೇ ಭಾವಿಸಿದೆ. ಅದರಲ್ಲಿ ಪ್ರತಿ ಶನಿವಾರ ಒಬ್ಬ ಪಂಡಿತ ಬಂದು ಒಂದೇ ಕೃತಿಯನ್ನು ಬೇರೆ ಬೇರೆಯವರು ನುಡಿಸಿದ ಧ್ವನಿಮುದ್ರಿಕೆಗಳನ್ನು ತುಣುಕು ತುಣುಕಾಗಿ ಕೇಳಿಸುತ್ತಾನೆ. ಇದರಲ್ಲಿ ಲಾಲಿತ್ಯವಿದೆ, ಅದರಲ್ಲಿ ಗಾಂಭೀರ್ಯವಿದೆ, ಇನ್ನೊಂದರಲ್ಲಿ ಎರಡೂ ಇದ್ದು ಉತ್ಸಾಹವಿಲ್ಲ ಎಂದು ನಿರ್ದಾಕ್ಷಿಣ್ಯವಾಗಿ ಅಳೆದು ತೂಗಿ, ಕೊನೆಗೆ ಒಂದನ್ನು ಎತ್ತಿ ಹಿಡಿದು ಇದೇ ಶ್ರೇಷ್ಠ ಎನ್ನುತ್ತಾನೆ. ನಾನು ಅದನ್ನು ಆಮೇಲೆ ಬಿಡುವಾದಾಗ ಫೋನಿನಲ್ಲಿ ಕೇಳುತ್ತಿದ್ದೆ. ಆತ ಬಹಳ ವೇಗವಾಗಿ ಮಾತನಾಡುತ್ತಿದ್ದ. ಇಂಗ್ಲಿಷರಿಗೆ ಸಮಯಪ್ರಜ್ಞೆ ಜಾಸ್ತಿ ಎಂದುಕೊಂಡು ನಾನು ಆ ವೇಗವನ್ನೂ ಗೌರವಿಸಿದೆ.

ಸಸ್ಯಶಾಸ್ತ್ರದ ಮೇಷ್ಟ್ರಿಗೆ ಪಾಶ್ಚಾತ್ಯ ಸಂಗೀತ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ಬೆನ್ನುನೋವಿನಿಂದ ಗಂಟುಬಿತ್ತು. ಗಟ್ಟಿ ಹತ್ತಿ ಹಾಸಿಗೆಯಲ್ಲಿ ಮಲಗಿ ಎಂದು ವೈದ್ಯರು ಹೇಳಿದ್ದರಿಂದ ಅದನ್ನು ಹುಡುಕಿಕೊಂಡು ಗುಬ್ಬಿಗೆ ಹೋದೆ. ಅಲ್ಲಿ ಜಬ್ಬಾರ್ ಸಾಹೇಬರ ಹಾಸಿಗೆ ಅಂಗಡಿ. ಹತ್ತಿಯ ರಾಶಿಯ ನಡುವೆ ಒಂದು ಹಳೆಯ ಟೇಪ್ ರೆಕಾರ್ಡರ್ ಕುಳಿತು ಪಿಟೀಲುಗಳ ಒಂದು ಮಂದ್ರಗಂಭೀರ ಸಂವಾದವನ್ನು ಹೊರಡಿಸುತ್ತಿತ್ತು. ಯಾರದೋ ಮನೆ ಖಾಲಿ ಮಾಡುವಾಗ ಸಾಮಾನಿನ ಜೊತೆ ಬಂದ ಯಂತ್ರ, ಯಂತ್ರದ ಹೊಟ್ಟೆಯೊಳಗೇ ಇದ್ದ ಕ್ಯಾಸೆಟ್ಟು, ಅದರ ಮೇಲೆ ಹೆಸರಿಲ್ಲ, ಕುಲಗೋತ್ರವಿಲ್ಲ. ಸಾಹೇಬರ ಬಳಿ ಇದ್ದದ್ದು ಅದೊಂದೇ ಕ್ಯಾಸೆಟ್ಟು. ವರ್ಷಗಳಿಂದ ಅದನ್ನೇ ಕೇಳುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಗೋಡೆಯ ಮೇಲಿನ ಒಂದು ಉದ್ದನೆಯ ಬಿಲ್ಲನ್ನು ತೋರಿಸಿದರು. ಹತ್ತಿ ಹಿಂಜುವ ಬಿಲ್ಲು. ಅವರ ತಂದೆ ಊರೂರು ತಿರುಗಿ, ಅದರ ತಂತಿಯನ್ನು ಮರದ ಹಿಡಿಯಿಂದ ಬಡಿದು ಮೀಟಿ ಜನರ ಹಳೆಯ ಹಾಸಿಗೆಗಳಿಗೆ ಮರುಜೀವ ಕೊಡುತ್ತಿದ್ದರಂತೆ.

"ನಮ್ಮಪ್ಪನೂ ತಂತಿ ವಾದ್ಯದವ್ನೇ ಮೇಷ್ಟ್ರೇ. ಏನಂದ್ರೆ, ಅವ್ನು ಬಾರಿಸಿದ್ರೆ ಚಪ್ಪಾಳೆ ಬೀಳ್ತಿರಲಿಲ್ಲ, ಹತ್ತಿ ಹಾರ್ತಿತ್ತು" ಎಂದರು ಸಾಹೇಬರು.

ನಾನು ಹಾಸಿಗೆಯ ಜೊತೆಗೆ ಒಬ್ಬ ಸ್ನೇಹಿತನನ್ನೂ ಸಂಪಾದಿಸಿಕೊಂಡು ಮನೆಗೆ ಬಂದೆ. ಹಾಸಿಗೆ ಬೆನ್ನಿಗೆ ಹಿಡಿಸಲಿಲ್ಲ, ಸ್ನೇಹ ಹಿಡಿಸಿತು. ಮಂಗಳವಾರ ಮಂಗಳವಾರ ಸಾಹೇಬರು ಹಾಸಿಗೆ ಬಟ್ಟೆ ತರಲು ತುಮಕೂರಿಗೆ ಬರುವರು. ನಾವಿಬ್ಬರೂ ರೈಲ್ವೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕುಳಿತು ತಟ್ಟೆ ಇಡ್ಲಿ ತಿನ್ನುವೆವು. ಗುಬ್ಬಿಯ ಇಡ್ಲಿ ಮೇಲೆಂದು ಅವರು, ತುಮಕೂರಿನದೇ ಮೇಲೆಂದು ನಾನು. ಈ ವಾದದಲ್ಲಿ ಇಬ್ಬರೂ ಎಂದೂ ಸೋತಿರಲಿಲ್ಲ.

ಒಂದು ಶನಿವಾರದ ಕಾರ್ಯಕ್ರಮ ಕೇಳುತ್ತಿದ್ದಾಗ ನಾನು ಕುರ್ಚಿಯಿಂದ ಜಿಗಿದೆ. ಪಂಡಿತ ವಿಮರ್ಶಿಸುತ್ತಿದ್ದದ್ದು ನಮ್ಮ ಸಾಹೇಬರ ಕ್ಯಾಸೆಟ್ಟಿನದೇ ಕೃತಿ! ಅದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಎಂದು ಹೆಸರು. ಎರಡು ಪಿಟೀಲು, ಪಿಟೀಲಿಗೇ ತುಸು ಮೈ ಬಂದಂತಿರುವ ವಿಯೋಲಾ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ, ಹೀಗೆ ನಾಲ್ವರು ಅರ್ಧಚಂದ್ರಾಕಾರವಾಗಿ ಕುಳಿತು ನುಡಿಸುತ್ತಾರೆ. ಮೃದಂಗವಿಲ್ಲ, ತಂಬೂರಿಯಿಲ್ಲ, ನಡುವೆ ಕಾಫಿಯೂ ಇಲ್ಲ. ನಮ್ಮ ಮನೆಗಳಲ್ಲಿ ನಾಲ್ವರು ಏಕಕಾಲಕ್ಕೆ ಮಾತನಾಡಿದರೆ ಅದನ್ನು ಆಸ್ತಿ ವಿಭಾಗ ಎನ್ನುತ್ತೇವೆ. ಅವರು ಅದನ್ನೇ ಕಾಗದದ ಮೇಲೆ ಬರೆದುಕೊಟ್ಟು ಸಂಗೀತವನ್ನಾಗಿಸಿದ್ದಾರೆ. ಕೃತಿಕರ್ತನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದಾಗಲೆಲ್ಲ ನನ್ನ ಉಚ್ಚಾರಣೆ ಬೇರೆಯಾಗಿ, ಕೇಳಿದವರು ಅವರು ಇಬ್ಬರೋ ಮೂವರೋ ಎಂದು ಗೊಂದಲಕ್ಕೆ ಬಿದ್ದಿದ್ದಾರೆ. ಪಂಡಿತ ಕೊನೆಯಲ್ಲಿ ಶ್ರೇಷ್ಠವೆಂದು ಸಾರಿದ್ದು, ಸಭೆಯ ಮುಂದೆ ನುಡಿಸಿದ ಒಂದು ಹಳೆಯ ಮುದ್ರಿಕೆಯನ್ನು. ನಾನು ತಕ್ಷಣ ಅದನ್ನು ಫೋನಿನಲ್ಲಿ ಹುಡುಕಿ ಪೂರ್ತಿ ಕೇಳಿದೆ. ಆಹಾ! ಸಾಹೇಬರ ಕ್ಯಾಸೆಟ್ಟಿನಲ್ಲಿ ಮೂಟೆ ಹೊತ್ತವರಂತೆ ನಡೆಯುತ್ತಿದ್ದ ಅದೇ ಸ್ವರಗಳು ಇಲ್ಲಿ ಲಂಗುಲಗಾಮಿಲ್ಲದೆ ನೆಗೆಯುತ್ತಿದ್ದವು. ಕುಣಿಗಲ್ಲಿನ ಕುದುರೆಗಳನ್ನು ನೋಡಿ ಬೆಳೆದ ನನ್ನ ಹೆಂಡತಿ ಗಿರಿಜೆ ಅಡುಗೆಮನೆಯಿಂದಲೇ, "ಯಾರೋ ಇವ್ರನ್ನ ಅಟ್ಟಿಸ್ಕೊಂಡು ಬರ್ತಿರೋ ಹಂಗಿದೆಯಲ್ರೀ" ಎಂದಳು. ರಸಜ್ಞತೆ ಎಲ್ಲರಿಗೂ ಬರುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಈ ವೃತ್ತಾಂತವನ್ನು ನನ್ನ ಹಳೆಯ ವಿದ್ಯಾರ್ಥಿನಿ ಸವಿತಾಳ ಕಿವಿಗೆ ಹಾಕಿದ್ದೇ ಅನರ್ಥಕ್ಕೆ ನಾಂದಿಯಾಯಿತು. ಆಕೆ ಇಲ್ಲಿನ ಒಂದು ಸಮುದಾಯ ರೇಡಿಯೋದಲ್ಲಿ ಭಾನುವಾರದ ಕಾರ್ಯಕ್ರಮ ನಡೆಸುತ್ತಾಳೆ. ಲಂಡನ್ನಿನವರು ಮಾಡುವುದನ್ನು ತುಮಕೂರಿನವರು ಯಾಕೆ ಮಾಡಬಾರದು ಎನ್ನುತ್ತ, ನಾನೂ ಸಾಹೇಬರೂ ನಮ್ಮ ನಮ್ಮ ಮುದ್ರಿಕೆಗಳೊಂದಿಗೆ ಬಂದು ನೇರ ಪ್ರಸಾರದಲ್ಲಿ ಹೋಲಿಸಬೇಕೆಂದು ಆಹ್ವಾನಿಸಿದಳು. "ನಿಮ್ಮದನ್ನ ನಮ್ಮ ಕಂಪ್ಯೂಟರಲ್ಲೇ ಹುಡುಕಿ ಹಾಕ್ತೀನಿ ಸರ್" ಎಂದಳು. ನಾನು ಒಪ್ಪಲಿಲ್ಲ, ನನ್ನ ಫೋನಿನಿಂದಲೇ ಹಾಕಬೇಕು, ಅದರಲ್ಲಿ ಬರುವ ಚೈತನ್ಯ ಬೇರೆಲ್ಲೂ ಬರದು ಎಂದೆ. ಈ ಮಾತು ಎಷ್ಟು ಅಕ್ಷರಶಃ ಸತ್ಯವಾಗಿತ್ತು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಸಾಹೇಬರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಟೇಪ್ ರೆಕಾರ್ಡರನ್ನು ಹೊಸ ದಿಂಬಿನ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು. ಗುಬ್ಬಿಯ ಅವರ ಬೀದಿಯವರೆಲ್ಲ ಫೋನಿನಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿದ್ದಾರೆಂದು ಹೇಳುವಾಗ ಅವರ ಮುಖದಲ್ಲಿ ಮದುಮಗನ ನಾಚಿಕೆ ಇತ್ತು.

ಮೊದಲರ್ಧ ಗಂಟೆ ನಾನು ಮಿಂಚಿದೆ. ಎರಡರಿಂದಲೂ ಒಂದೇ ಭಾಗಗಳನ್ನು ಕೇಳಿಸಿ, ಸಾಹೇಬರ ಮುದ್ರಿಕೆಯ ಶ್ರುತಿ ಒಂದು ಮೆಟ್ಟಿಲು ಕೆಳಗಿರುವುದನ್ನು ಶ್ರೋತೃಗಳ ಗಮನಕ್ಕೆ ತಂದು, ಅದು ಆಯಾ ದೇಶದ ಚಳಿಗೆ ಅನುಗುಣವಾದ ಪದ್ಧತಿ ಇರಬೇಕೆಂದು ಊಹಿಸಿದೆ. ಆಮೇಲೆ ನನ್ನ ಸಂಶೋಧನೆಯ ಮುಕುಟಮಣಿಗೆ ಬಂದೆ. ಕೃತಿಯ ವಿಳಂಬಭಾಗದಲ್ಲಿ ಎರಡನೆಯ ಪಿಟೀಲು ಪ್ರವೇಶಿಸುವ ಮುನ್ನ ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. ಎರಡೂ ಮುದ್ರಿಕೆಗಳಲ್ಲಿ ಕೆಮ್ಮುತ್ತಾರೆ. ನನ್ನದರಲ್ಲಿ ಅದು "ಖಕ್" ಎಂದು ಚುಟುಕಾಗಿ ಮುಗಿದರೆ, ಸಾಹೇಬರದರಲ್ಲಿ "ಖೋಽಽಽಹ್" ಎಂದು ಪಡಸಾಲೆಯಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡಂತೆ ಕೇಳುತ್ತದೆ. ಮೊದಲನೆಯವನು ತರುಣ, ಎರಡನೆಯವರು ವಯೋವೃದ್ಧರು ಎಂದು ನಾನು ನಿರ್ಣಯಿಸಿದೆ. ಅಷ್ಟಕ್ಕೇ ನಿಂತೆನೇ? ಎರಡು ಬೇರೆ ಬೇರೆ ಸಭೆಗಳಲ್ಲಿ ಒಂದೇ ಜಾಗದಲ್ಲಿ ಕೆಮ್ಮು ಬರುವುದು ಆಕಸ್ಮಿಕವಾಗಿರಲಾರದು, ಆ ಸ್ಥಳದಲ್ಲಿ ಸಹೃದಯನೊಬ್ಬ ಕೆಮ್ಮುವುದು ಯೂರೋಪಿನ ಪ್ರಾಚೀನ ಸಂಪ್ರದಾಯವೇ ಇರಬೇಕು ಎಂದು, ಇಡೀ ಜಿಲ್ಲೆಯ ಸಮಕ್ಷಮದಲ್ಲಿ, ಯಾವ ಅಳುಕೂ ಇಲ್ಲದೆ ಸಾರಿಬಿಟ್ಟೆ.

ಫೋನುಗಳು ಬರತೊಡಗಿದವು. ನಿಟ್ಟೂರಿನ ಒಬ್ಬರು ನನ್ನ ಮುದ್ರಿಕೆಯನ್ನು ಮೆಚ್ಚಿ, ಬೈಕಿನಲ್ಲಿ ಹೋಗುವಾಗ ಕೇಳಲು ಇದೇ ಸರಿ ಎಂದರು. ಯಡಿಯೂರಿನ ಒಬ್ಬ ಅಜ್ಜಿ ಸಾಹೇಬರ ಪಕ್ಷ ವಹಿಸಿ, "ಅದ್ರಲ್ಲಿ ಕೆಮ್ಮಿದ್ರಲ್ಲ ಆ ತಾತ, ಅವ್ರಿಗೆ ಯಾರಾದ್ರೂ ಒಂಚೂರು ಶುಂಠಿ ಕಷಾಯ ಕೊಟ್ರೇನಪ್ಪಾ?" ಎಂದು ವಿಚಾರಿಸಿದರು. ಕೊನೆಗೆ ಸವಿತಾ ತೀರ್ಪು ಕೇಳಿದಾಗ ಸಾಹೇಬರು ಮೈಕಿನ ಹತ್ತಿರ ಬಗ್ಗಿ ಹೇಳಿದರು: "ಮೇಷ್ಟ್ರುದು ಚೆನ್ನಾಗೈತೆ. ಆದ್ರೆ ಆ ನಾಲ್ಕು ಜನಕ್ಕೂ ಲಾಸ್ಟ್ ಬಸ್ಸಿಗೆ ಹೊತ್ತಾಗೈತೆ."

ಸವಿತಾ ನಕ್ಕಳು. ಗಾಜಿನ ಆಚೆ ಕುಳಿತಿದ್ದವರೂ ನಕ್ಕರು. ಅರ್ಧ ಗಂಟೆಯ ನನ್ನ ಪಾಂಡಿತ್ಯ ಒಂದು ವಾಕ್ಯಕ್ಕೆ ಉರುಳಿಹೋಯಿತಲ್ಲ ಎಂಬ ಉರಿಯಲ್ಲಿ ನಾನು ಹೇಳಿದೆ: "ಹಾಸಿಗೆ ಅಂಗಡಿಯವರಿಗೆ ನಿದ್ದೆ ಬರಿಸೋ ಸಂಗೀತವೇ ಶ್ರೇಷ್ಠ ಅನ್ಸೋದು ಸಹಜ ಬಿಡಿ."

ಈ ಸಲ ಇನ್ನೂ ಜೋರಾಗಿ ನಕ್ಕರು. ಸಾಹೇಬರು ನಗಲಿಲ್ಲ. ಎದ್ದು, ಟೇಪ್ ರೆಕಾರ್ಡರಿನ ವೈರನ್ನು ಗೋಡೆಯಿಂದ ಕಿತ್ತು (ಆ ಸದ್ದು ಕೂಡ ಪ್ರಸಾರವಾಯಿತು), ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ನಾನು ಹೊರಗೆ ಬರುವಷ್ಟರಲ್ಲಿ ಗುಬ್ಬಿಯ ಬಸ್ಸು ಹೊರಟಿತ್ತು.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ನಾನು ಒಬ್ಬನೇ ಹೋಟೆಲಿನಲ್ಲಿ ಕುಳಿತು ಇಡ್ಲಿ ತಿಂದೆ. ತುಮಕೂರಿನ ಇಡ್ಲಿಯೇ ಮೇಲೆಂದು ಯಾರ ಎದುರು ಹೇಳಲಿ? ಎದುರಿನ ಕುರ್ಚಿಯಲ್ಲಿ ಅಪರಿಚಿತನೊಬ್ಬ ಫೋನು ನೋಡುತ್ತ ಪೂರಿ ತಿನ್ನುತ್ತಿದ್ದ. ಇಡ್ಲಿಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೂ ಅರ್ಧಕ್ಕೇ ಬಿಟ್ಟು ಎದ್ದೆ. ಈ ವಯಸ್ಸಿನಲ್ಲಿ ಹೊಸ ಸ್ನೇಹಿತರು ಸಿಗುವುದಿಲ್ಲ, ಸಿಕ್ಕಿದ್ದ ಒಬ್ಬನನ್ನು ಒಂದು ಕುಹಕಕ್ಕಾಗಿ ಕಳೆದುಕೊಂಡೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಆದರೂ ನಾನಾಗಿಯೇ ಫೋನು ಮಾಡಲಿಲ್ಲ. ಸ್ವಾಭಿಮಾನ ಎಂಬುದೊಂದು ಇದೆಯಲ್ಲ, ಅದು ಬೆನ್ನುನೋವಿನ ಹಾಗೆ, ಬಗ್ಗಲು ಹೋದಾಗಲೇ ಹಿಡಿದುಕೊಳ್ಳುತ್ತದೆ.

ಅಷ್ಟರಲ್ಲಿ ಸಾಹೇಬರಿಂದಲೇ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಆಸೆಯಿಂದ ಒತ್ತಿದೆ. ಬೆಂಕಿಗೆ ಹಾಕಿದ ಜೋಳ ಸಿಡಿದಂತೆ ಪಟಪಟನೆ ಮಾತು! ಸಾಹೇಬರು ಹಾಗೆ ಮಾತನಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಎರಡು ಮಾತಿನ ನಡುವೆ ಬಟ್ಟೆ ಅಳೆಯುವಷ್ಟು ಬಿಡುವು ಕೊಡುವ ಮನುಷ್ಯ ಅವರು. ಎಷ್ಟು ಕೋಪವಿದ್ದರೆ ಹೀಗೆ ಉಸಿರು ತೆಗೆದುಕೊಳ್ಳದೆ ಒದರಿಯಾರು ಎಂದುಕೊಂಡು, ಅವರು ರೇಡಿಯೋದ ಸುದ್ದಿ ಎತ್ತಿದ್ದೇ ತಡ, ಪೂರ್ತಿ ಕೇಳುವ ಧೈರ್ಯವಾಗದೆ ನಿಲ್ಲಿಸಿಬಿಟ್ಟೆ. ನನಗೂ ಸಿಟ್ಟು ಬಂತು. ಉತ್ತರ ಕೊಡಲಿಲ್ಲ.

ಒಂದು ಬೆಳಿಗ್ಗೆ ಗಿರಿಜೆ ತನ್ನ ತಮ್ಮ ಪರಮೇಶನ ಸಂದೇಶ ಕೇಳಲೆಂದು ನನ್ನ ಫೋನು ತೆಗೆದುಕೊಂಡಳು. ಈ ಪರಮೇಶನ ವಿಷಯ ಹೇಳಬೇಕು. ಆತ ಕುಣಿಗಲ್ಲಿನಿಂದ ದಿನವೂ ಧ್ವನಿ ಸಂದೇಶ ಕಳಿಸುತ್ತಾನೆ. ಕೆರೆಗೆ ನೀರು ಬಂತೆಂದು ತಿಳಿಸಲು ಮೋಡ ಕಟ್ಟಿದಲ್ಲಿಂದ ಶುರುಮಾಡುತ್ತಾನೆ. ಇವನ ಕಾಟ ತಡೆಯಲಾರದೆ ನಾನು ಹಿಂದೊಮ್ಮೆ, ಮಾತನ್ನು ವೇಗವಾಗಿ ಓಡಿಸುವ ಗುಂಡಿಯನ್ನು ಕಂಡುಹಿಡಿದು ಒತ್ತಿದ್ದೆ. ಆ ಸುಖ ರುಚಿಸಿದ್ದರಿಂದ ಫೋನಿನಲ್ಲಿ ಎಲ್ಲೆಲ್ಲಿ ಅಂಥ ಗುಂಡಿ ಕಂಡಿತೋ ಅಲ್ಲೆಲ್ಲ ಒತ್ತಿ, ಒತ್ತಿದ್ದನ್ನು ಮರೆತಿದ್ದೆ. ಗಿರಿಜೆಯ ಬೆರಳು ಪರಮೇಶನ ಬದಲು ಸಾಹೇಬರ ಮೇಲೆ ಬಿತ್ತು.

"ಇದ್ಯಾಕ್ರೀ, ಸಾಹೇಬ್ರು ರೈಲು ತಪ್ಪಿಸ್ಕೊಂಡೋರ ಥರ ಮಾತಾಡ್ತಿದಾರೆ?" ಎನ್ನುತ್ತ ಅವಳು ಪರದೆಯನ್ನು ಒಮ್ಮೆ ತಟ್ಟಿದಳು. ಜೋಳ ಸಿಡಿಯುವುದು ನಿಂತಿತು. ನನ್ನ ಹಳೆಯ ಜಬ್ಬಾರ್ ಸಾಹೇಬರು ಅಡುಗೆಮನೆಯೊಳಗೆ ಬಂದು ನಿಂತರು.

"ಮೇಷ್ಟ್ರೇ... ನಾನು ಜಬ್ಬಾರು. ಆವತ್ತು ರೇಡಿಯೋದಲ್ಲಿ ನಾನು ಹಂಗೆ ಎದ್ದು ಬರಬಾರದಿತ್ತು. ಮನ್ಸಿಗೆ... ಒಂಥರಾ ಆಗಿತ್ತು, ಬುಡಿ." ಇಲ್ಲಿ ಒಂದು ದೀರ್ಘ ಮೌನ. ದೂರದಲ್ಲಿ ಬಸ್ಸಿನ ಹಾರನ್ನು. ಒಂದು ನಿಟ್ಟುಸಿರು. "ಟೇಪು ನಿಂತ್ಹೋಗಿತ್ತು ಮೇಷ್ಟ್ರೇ. ಒಳಗೆ ಬೆಲ್ಟು ಸಡಿಲ ಆಗಿ ಎಷ್ಟೋ ಕಾಲದಿಂದ ನಿಧಾನಕ್ಕೆ ತಿರುಗ್ತಿತ್ತಂತೆ. ಹೊಸ ಬೆಲ್ಟು ಹಾಕಿಸ್ದೆ. ಈಗ ಕೇಳಿದ್ರೆ... ಸ್ವಲ್ಪ ನಿಮ್ಮ ಕಡೆಗೆ ಬಂದಂಗೈತೆ. ಒಂದ್ಸಲ ಬಂದು ಕೇಳ್ರಿ. ನೀವಿಲ್ದೆ ನಂಗೆ ಗೊತ್ತಾಗಕಿಲ್ಲ."

ಅಷ್ಟು ಮೆತ್ತಗಿನ ಮಾತನ್ನು, ಅಷ್ಟು ಕಷ್ಟಪಟ್ಟು ಆಡಿದ ಮಾತನ್ನು, ನಾನು ಬೈಗುಳ ಮಾಡಿಕೊಂಡು ಕೇಳಿ ಅರ್ಧಕ್ಕೇ ನಿಲ್ಲಿಸಿದ್ದೆ. ಪದಗಳೆಲ್ಲ ಇದ್ದವು, ಆ ವೇಗದಲ್ಲಿ ನುಂಗಿಹೋದದ್ದು ನಡುವಿನ ಮೌನ ಮತ್ತು ನಿಟ್ಟುಸಿರು. ಕಣ್ಣು ತುಂಬಿ ಬಂತು. ಒಗ್ಗರಣೆಯ ಹೊಗೆಯೆಂದು ಹೇಳೋಣವೆಂದರೆ ಒಲೆ ಹಚ್ಚಿರಲಿಲ್ಲ. ಆಮೇಲೆ ಇನ್ನೊಂದು ಭಯಂಕರ ಯೋಚನೆ ಬಂತು. ಫೋನಿನಲ್ಲಿ ಪಿಟೀಲಿನವರನ್ನು ಹುಡುಕಿ ತೆಗೆದೆ. ಪರದೆಯ ಮೂಲೆಯಲ್ಲಿ ನಾನೇ ಇಟ್ಟಿದ್ದ ವೇಗ ಅಲುಗಾಡದೆ ಕುಳಿತಿತ್ತು. ಲಂಡನ್ನಿನ ಪಂಡಿತನನ್ನೂ ತೆಗೆದೆ. ಸರಿಯಾದ ವೇಗಕ್ಕೆ ಇಳಿಸಿದಾಗ ಆತ ನಮ್ಮ ಬೆಳ್ಳಾವಿಯ ಸಂತೆಯಲ್ಲಿ ಹುಣಸೆಹಣ್ಣು ಆರಿಸುವವರಷ್ಟು ಸಾವಧಾನದ ಮನುಷ್ಯ ಎಂದು ತಿಳಿಯಿತು.

ನಿವೃತ್ತನಾಗಿ, ಬೆಳಗಿನ ಪತ್ರಿಕೆಯನ್ನು ಸಂಜೆಯವರೆಗೆ ಓದುವಷ್ಟು ಬಿಡುವಿರುವ ನಾನು ಜಗತ್ತನ್ನೆಲ್ಲ ಓಡಿಸಿಕೊಂಡು ಕೇಳುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ನಡುವೆ ನಿಂತಿರುವ ಸಾಹೇಬರು ನಿಧಾನವಾಗಿ ಕೇಳುತ್ತಿದ್ದರು. ಅವರದ್ದು ಬೆಲ್ಟಿನ ದೋಷ. ನನ್ನದು ಯಾವುದರ ದೋಷವೆಂದು ಹೇಳಲು ಯಾವ ಮೆಕ್ಯಾನಿಕ್ಕೂ ಬೇಕಾಗಿರಲಿಲ್ಲ.

ಗುಬ್ಬಿಯ ಬಸ್ಸು ಹತ್ತಿದೆ. ಅಂಗಡಿಯ ಮೆಟ್ಟಿಲಲ್ಲೇ, ಕುಳಿತುಕೊಳ್ಳುವ ಮೊದಲೇ, "ಸಾಹೇಬ್ರೇ, ನಾನು ಆವತ್ತು ಆಡಿದ ಮಾತು ತಪ್ಪು" ಎಂದೆ.

"ಸುಳ್ಳೇನಲ್ಲ ಬುಡಿ. ನಮ್ಮಂಗ್ಡೀಲಿ ನಿದ್ದೇನೇ ಯಾಪಾರ" ಎಂದು ಅವರು ಹಾಸಿಗೆಯ ಮೇಲಿನ ಹತ್ತಿ ಕೊಡವಿ ಜಾಗ ಮಾಡಿಕೊಟ್ಟರು. ಆಮೇಲೆ ಹೇಳಿದರು: "ಅದನ್ನ ನನ್ನ ಮುಂದೆ ಹೇಳಿದ್ರೆ ನಾನೂ ನಗ್ತಿದ್ದೆ ಮೇಷ್ಟ್ರೇ. ನೀವು ಊರಿಗೆ ಹೇಳಿದ್ರಿ."

ಇಷ್ಟು ಹೇಳಿ ಅವರೇ ಟೇಪ್ ರೆಕಾರ್ಡರನ್ನು ನಡುವೆ ಎಳೆದುಕೊಂಡರು. ನಾನು ಫೋನಿನ ವೇಗವನ್ನು ಸರಿಪಡಿಸಿ ಅದರ ಪಕ್ಕದಲ್ಲಿಟ್ಟೆ. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ನಾಲ್ವರು ಎಂಟು ಜನರಾದರು. ಆದರೆ ಯಾರೂ ಮುಂದೆ ಓಡಲಿಲ್ಲ, ಯಾರೂ ಹಿಂದೆ ಉಳಿಯಲಿಲ್ಲ. ಶ್ರುತಿಯೂ ಕೂಡಿತು. ಸಾಹೇಬರ ಹುಬ್ಬು ಮೇಲೇರಿತು. ವಿಳಂಬಭಾಗ ಬಂತು. ಎರಡನೆಯ ಪಿಟೀಲಿನ ಪ್ರವೇಶಕ್ಕೆ ಮುನ್ನ, ಟೇಪಿನಿಂದಲೂ ಫೋನಿನಿಂದಲೂ ಒಂದೇ ಗಳಿಗೆಯಲ್ಲಿ, ತರುಣನೂ ಅಲ್ಲದ ವೃದ್ಧನೂ ಅಲ್ಲದ ಮಧ್ಯವಯಸ್ಸಿನ ಒಬ್ಬ ಸಾಧಾರಣ ಮನುಷ್ಯ, "ಖೊಹ್" ಎಂದು ಕೆಮ್ಮಿದ.

ಸಾಹೇಬರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಬಿಲ್ಲನ್ನು ನೋಡಿದೆ.

"ಮೇಷ್ಟ್ರೇ, ಕೆಮ್ಮಿರೋನು ಒಬ್ನೇ!"

ನಾವು ನಕ್ಕ ನಗೆಗೆ ಪಕ್ಕದ ಅಂಗಡಿಯವರು ಬಂದು ಇಣುಕಿದರು. ಯೂರೋಪಿನ ಪ್ರಾಚೀನ ಕೆಮ್ಮಿನ ಸಂಪ್ರದಾಯ ಆ ಹತ್ತಿಯ ರಾಶಿಯಲ್ಲಿ ಸಮಾಧಿಯಾಯಿತು. ಸುಧಾರಿಸಿಕೊಂಡು ಅದೇ ಸರಿಯಾದ ವೇಗದಲ್ಲಿ ಪೂರ್ತಿ ಕೇಳಿದೆವು. ನಿಜ ಹೇಳಬೇಕೆಂದರೆ ಇಬ್ಬರಿಗೂ ಅಷ್ಟಾಗಿ ಹಿಡಿಸಲಿಲ್ಲ. "ಇದು ನಿಮ್ದೂ ಅಲ್ಲ, ನಮ್ದೂ ಅಲ್ಲ" ಎಂದು ಸಾಹೇಬರು ಪೆಚ್ಚುಮುಖ ಮಾಡಿದರು. ಹಳೆಯ ಬೆಲ್ಟನ್ನು ಅವರು ಎಸೆದಿರಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಮುಂದೆ ಇಬ್ಬರೂ ಕೂಡಿ ಸವಿತಾಳ ಕಾರ್ಯಕ್ರಮಕ್ಕೆ ಹೋಗಿ, ನಡೆದದ್ದನ್ನೆಲ್ಲ ಒಪ್ಪಿಕೊಂಡೆವು. ಮರೆತ ಗುಂಡಿಯ ಕಥೆಯನ್ನೂ, ಆಡಿದ ಮಾತಿಗೆ ಕ್ಷಮೆಯನ್ನೂ ನಾನು ಅದೇ ಮೈಕಿನಲ್ಲಿ, ಅದೇ ಊರಿಗೆ ಹೇಳಿದೆ. ಸಾಹೇಬರು ತಲೆ ತಗ್ಗಿಸಿಕೊಂಡು ಜುಬ್ಬಾದ ಗುಂಡಿ ತಿರುಗಿಸುತ್ತಿದ್ದರು. ಯಡಿಯೂರಿನ ಅಜ್ಜಿ ಮತ್ತೆ ಫೋನು ಮಾಡಿ, ಒಬ್ಬನೇ ಕೆಮ್ಮಿದ್ದೆಂಬುದನ್ನು ತಾನು ಒಪ್ಪುವುದಿಲ್ಲ, ತಾತನ ಕೆಮ್ಮನ್ನು ತಾನು ಕಿವಿಯಾರೆ ಕೇಳಿದ್ದೇನೆ ಎಂದು ವಾದಿಸಿದರು.

ಅಲ್ಲಿಂದ ನೇರವಾಗಿ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿಗೆ ಬಂದೆವು. ಅಂದು ಮಂಗಳವಾರವಲ್ಲ, ಆದರೂ ನಾವು ಕೂರುವ ಮೂಲೆಯ ಮೇಜು ಖಾಲಿ ಇತ್ತು. ಇಡ್ಲಿ ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು. ನಾನು ಒಂದು ತುತ್ತು ಮುರಿದು ಬಾಯಿಗಿಟ್ಟು ಅವಸರವಿಲ್ಲದೆ ಅಗಿದೆ. ಎದುರಿನ ಕುರ್ಚಿಯಲ್ಲಿ ಸಾಹೇಬರು ಕುಳಿತಿದ್ದರು. ಹೋದ ವಾರದ ಇಡ್ಲಿಯಾಗಲಿ, ಕ್ಯಾತ್ಸಂದ್ರದ ಇಡ್ಲಿಯಾಗಲಿ ನನ್ನ ಮನಸ್ಸಿಗೆ ಬರಲೇ ಇಲ್ಲ.

"ಹೆಂಗೈತೆ?" ಎಂದರು ಸಾಹೇಬರು, ಗುಬ್ಬಿಯ ಪರವಾಗಿ ತೋಳೇರಿಸಿಕೊಂಡು.

"ಚೆನ್ನಾಗಿದೆ" ಎಂದೆ.

ಅವರು "ಆದರೆ" ಬರಲೆಂದು ಕಾದರು. ಬರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಮುಂದಕ್ಕೆ ಬಗ್ಗಿ, ಬಹಳ ಕಳವಳದಿಂದ ಕೇಳಿದರು: "ಯಾಕ್ ಮೇಷ್ಟ್ರೇ, ಮೈಯಲ್ಲಿ ಹುಷಾರಿಲ್ವಾ?"